ಓದುಗರ ಪ್ರಶ್ನೆ, ಅಕ್ಕನ ಉತ್ತರ: ಬಸ್ಸಲ್ಲಿ ಪಕ್ಕದವರು ಅಳ್ತಾ ಇದ್ರೆ ಏನ್ ಮಾಡೋದು?

ಹೋದ ಸಂಚಿಕೇಲಿ ಕೊನೇಲಿ ಒಂದ್ ಸಾಲು ಹಾಕಿದ್ದೆ, ಗುರುತು ಪರಿಚಯ ಇಲ್ಲದೋರು ನಿಮ್ಮ ಕೆಟ್ಟ ದಿನದಲ್ಲಿ ಮಾಡಿದ ಚಿಕ್ಕ ಉಪಕಾರ ಏನಾದ್ರೂ ಇದ್ರೆ ಬರೀರಿ, ನೀವು ಮಾಡೋಕೆ ಹೋಗಿ ಎಡವಟ್ಟಾಗಿದ್ರೆ ಅದನ್ನೂ ಬರೀರಿ ಅಂತ. ಎಡವಟ್ಟಿನ ಕಾಗದಗಳೇ ಜಾಸ್ತಿ ಬಂದಿವೆ! ವಾಟ್ಸಾಪಲ್ಲಿ ಬಂದಿದ್ದು ಬೇರೆ, ಅದರಲ್ಲಿ ಅರ್ಧ ಗುಡ್ ಮಾರ್ನಿಂಗ್ ಗುಲಾಬಿ ಹೂವು, ದಯವಿಟ್ಟು ಅದು ಬೇಡ. ಎಲ್ಲದಕ್ಕೂ ಉತ್ತರ ಬರಿಯೋಕೆ ಜಾಗ ಇಲ್ಲ, ಕೆಲವು ಆರಿಸ್ಕೊಂಡಿದೀನಿ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ತುಮಕೂರು): ಅಕ್ಕಾ, ನಾನು ದಿನಾ ತುಮಕೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಓಡಾಡ್ತೀನಿ. ಎರಡು ತಿಂಗಳ ಹಿಂದೆ ಸಂಜೆ ಬಸ್ಸಲ್ಲಿ ನನ್ನ ಪಕ್ಕ ಒಬ್ಬಳು ಹುಡುಗಿ ಕೂತಿದ್ಲು, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ನೆಲಮಂಗಲ ದಾಟೋ ಹೊತ್ತಿಗೆ ಅಳೋಕೆ ಶುರು ಮಾಡಿದ್ಲು, ಸದ್ದಿಲ್ಲ, ಕಿಟಕಿ ಕಡೆ ಮುಖ ಮಾಡಿ ಸುಮ್ನೆ ನೀರು ಸುರೀತಾ ಇದೆ. ನಾನು ಫೋನ್ ನೋಡ್ತಾ ಇರೋ ಥರ ಮಾಡ್ದೆ. ಕೇಳ್ಬೇಕು ಅನ್ಸಿತು, ಆದ್ರೆ ಏನಂತ ಕೇಳೋದು, ಅವಳಿಗೆ ಮುಜುಗರ ಆದ್ರೆ, ನಿಮಗ್ಯಾಕೆ ಅಂದುಬಿಟ್ರೆ ಅಂತೆಲ್ಲ ಯೋಚ್ನೆ ಮಾಡ್ತಾ ಮಾಡ್ತಾ ತುಮಕೂರು ಬಂತು, ಅವಳು ಇಳಿದು ಹೋದ್ಲು. ಇವತ್ತಿಗೂ ಅದೇ ನೆನಪಾಗುತ್ತೆ. ನಾನು ಏನು ಮಾಡಬೇಕಿತ್ತು?

ಉತ್ತರ: ನಿಮ್ಮ ಕಾಗದ ಓದಿ ನನಗೆ ನನ್ನದೇ ಒಂದು ಬಸ್ಸು ನೆನಪಾಯ್ತು ಕಣಮ್ಮಾ, ಅದನ್ನೇ ಹೇಳ್ತೀನಿ. 1998, ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಿದ್ದೆ, ಅಪ್ಪನ್ನ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದಾರೆ ಬೇಗ ಬಾ ಅಂತ ಪಕ್ಕದ ಮನೆ ಫೋನಿಗೆ ಸುದ್ದಿ ಬಂದಿತ್ತು, ಅಷ್ಟೇ, ಇನ್ನೇನೂ ಗೊತ್ತಿಲ್ಲ, ಆಗೇನು ದಾರೀಲಿ ಫೋನ್ ಮಾಡಿ ಕೇಳೋ ಕಾಲಾನಾ? ಭದ್ರಾವತಿ ಬರೋ ತನಕ ತಡ್ಕೊಂಡೆ, ಆಮೇಲೆ ಆಗ್ಲಿಲ್ಲ. ಪಕ್ಕದಲ್ಲಿ ಒಬ್ರು ಹೆಂಗಸು ಕೂತಿದ್ರು, ಕಾಲ ಹತ್ರ ಒಂದು ಗೋಣಿಚೀಲ. ಅವರ ಮುಖ ನನಗೀಗ ನೆನಪಿಲ್ಲ, ಬೆರಳು ಮಾತ್ರ ನೆನಪಿದೆ, ಅಡಿಕೆ ಸುಲಿದು ಸುಲಿದು ತುದಿಯೆಲ್ಲ ಕಪ್ಪಗಾಗಿತ್ತು. ಆ ಬೆರಳಲ್ಲಿ ಒಂದು ಕಿತ್ತಳೆ ಹಣ್ಣು ಸುಲಿದ್ರು, ಅರ್ಧ ನನ್ನ ಕೈಯಲ್ಲಿಟ್ರು. ಯಾಕಮ್ಮ ಏನಾಯ್ತಮ್ಮ ಅಂತ ಒಂದು ಮಾತೂ ಇಲ್ಲ. "ತಿನ್ನು, ಖಾಲಿ ಹೊಟ್ಟೇಲಿ ಅತ್ರೆ ತಲೆ ಸುತ್ತುತ್ತೆ" ಅಂದ್ರು. ಅಷ್ಟು ಹೇಳಿ ತಮ್ಮರ್ಧ ತಿಂತಾ ಮುಂದೆ ನೋಡ್ಕೊಂಡು ಕೂತ್ರು.

ಅರಸೀಕೆರೇಲಿ ಅವರು ಇಳಿದ್ರು. ಇಳಿಯೋವಾಗ ಕಂಡಕ್ಟರಿಗೆ "ಈ ಹುಡುಗಿ ಬೆಂಗ್ಳೂರಿಗೆ ಹೋಗುತ್ತಂತೆ, ಸ್ವಲ್ಪ ನೋಡ್ಕಳಪ್ಪಾ" ಅಂದಿದ್ದು ನನಗೆ ಕೇಳಿಸ್ತು. ಕಂಡಕ್ಟರ್ ಹೂಂ ಅನ್ನಲೂ ಇಲ್ಲ, ರೈಟ್ ರೈಟ್ ಅಂದ. ತಿಪಟೂರಲ್ಲಿ ಟೀಗೆ ನಿಲ್ಲಿಸ್ದಾಗ ನಾನು ಇಳಿಲಿಲ್ಲ, ಆ ಮನುಷ್ಯ ಗಾಜಿನ ಲೋಟದಲ್ಲಿ ಟೀ ಹಿಡ್ಕೊಂಡು ಬಸ್ಸೊಳಗೇ ಬಂದ, ಹೋಟ್ಲಿನೋನು ಹಿಂದೆಯಿಂದ ಲೋಟ ಲೋಟ ಅಂತ ಕೂಗ್ತಾ ಇದಾನೆ, "ಬೇಗ ಕುಡೀರಿ, ಅವನು ನನ್ನ ಜೀವ ತಿಂತಾನೆ" ಅಂದ, ನಾನು ಅಳು ಮಧ್ಯದಲ್ಲೇ ನಕ್ಕುಬಿಟ್ಟೆ. ಅಪ್ಪ ಆಮೇಲೆ ಹನ್ನೊಂದು ವರ್ಷ ಇದ್ರು, ಅದು ಬೇರೆ ಮಾತು. ಆ ದಿನ ಗುಣ ಆಗ್ತಾರೋ ಇಲ್ವೋ ಗೊತ್ತಿಲ್ಲದೆ ಹೋಗ್ತಾ ಇದ್ದೆನಲ್ಲ, ಆ ಆರೇಳು ಗಂಟೆ ದಾಟಿಸಿದ್ದು ಅರ್ಧ ಕಿತ್ತಳೆ ಮತ್ತೆ ಒಂದು ಲೋಟ ಟೀ.

ನೋಡಿ, ಅವರಿಬ್ರೂ ನನ್ನ ಏನೂ ಕೇಳ್ಲಿಲ್ಲ. ಕೇಳಿದ್ರೆ ನಾನು ಅಪ್ಪನ ವಿಷಯ ಹೇಳಬೇಕಿತ್ತು, ಹೇಳಿದ್ರೆ ಇನ್ನೂ ಅಳ್ತಿದ್ದೆ, ಮುಂದಿನ ಸೀಟಿನೋರು ತಿರುಗಿ ನೋಡೋರು, ಒಬ್ರು ನಮ್ಮ ಭಾವನಿಗೂ ಹಿಂಗೇ ಆಗಿತ್ತು ಉಳೀಲಿಲ್ಲ ಅನ್ನೋರು (ಇಂಥೋರು ಪ್ರತಿ ಬಸ್ಸಲ್ಲೂ ಒಬ್ರು ಇರ್ತಾರೆ ಅನ್ನೋದು ನನ್ನ ಅನುಭವ). ನಾವು ಸಹಾಯ ಅಂದ್ಕೊಂಡು ಮಾಡೋದರಲ್ಲಿ ಎಷ್ಟೋ ಸಲ ಅವರ ಕಥೆ ತಿಳ್ಕೊಳೋ ಆಸೆನೂ ಸೇರಿರುತ್ತೆ. ಅದನ್ನ ಬಿಟ್ರೆ ಉಳಿದಿದ್ದು ಸುಲಭ. ಸೀಲ್ ಒಡೀದ ನೀರಿನ ಬಾಟ್ಲಿ ಇದ್ರೆ ಕೊಡಿ, ಕರ್ಚೀಫೋ ಟಿಶ್ಯೂನೋ ಮಡಿಲ ಮೇಲಿಡಿ, ಫೋನಿಗೆ ಚಾರ್ಜ್ ಇದ್ಯಾ ಅಂತ ಕೇಳಿ, ಅದು ನಿಜವಾಗ್ಲೂ ಬೇಕಾಗಿರೋ ವಸ್ತು. ಏನಾದ್ರೂ ಬೇಕಾ ಅಂತ ಕೇಳಿದ್ರೆ ಎಲ್ರೂ ಏನೂ ಬೇಡ ಅಂತಾರೆ, ಟೀ ತರ್ಲಾ ಕಾಫಿ ತರ್ಲಾ ಅಂದ್ರೆ ಟೀ ಅಂತಾರೆ. ಬೇಡ ಅಂದ್ರೆ ಸರಿ ಅಂದು ಸುಮ್ನಾಗಿ. ಇದೇ ಪ್ರಶ್ನೆ ಹಾಸನದಿಂದ ಒಬ್ರು ಗಂಡಸರೂ ಬರೆದು ಕೇಳಿದಾರೆ, ಹಾಸನದೋರೇ, ನೀವಾದ್ರೆ ಪಕ್ಕದಲ್ಲಿ ಹೋಗಿ ಕೂರೋದು ಬೇಡ, ಕಂಡಕ್ಟರಿಗೋ ಹತ್ರ ಕೂತಿರೋ ಹೆಂಗಸರಿಗೋ ಹೇಳಿ, ಅದೇ ದೊಡ್ಡ ಉಪಕಾರ.

ಒಂದು ಮಾತ್ರ ಬೇರೆ ಥರ. ಫೋನಲ್ಲಿ ಮಾತಾಡ್ತಾ ನಾನು ಇನ್ನು ಇರಲ್ಲ, ಸಾಕಾಗಿದೆ ಅನ್ನೋ ಥರದ್ದು ಕಿವಿಗೆ ಬಿದ್ರೆ ಆಗ ಮುಜುಗರ ಪಜುಗರ ನೋಡಬೇಡಿ, ನೇರ ಮಾತಾಡ್ಸಿ, ಒಬ್ಬರನ್ನೇ ಬಿಟ್ಟು ಇಳೀಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರ್ ನಿಮ್ಮ ಫೋನಲ್ಲಿ ಈಗ್ಲೇ ಸೇವ್ ಮಾಡ್ಕೊಳಿ.

ಆ ಹುಡುಗಿ ವಿಷಯಕ್ಕೆ ಇಷ್ಟೊಂದು ಕೊರಗಬೇಡಿ. ನೀವು ಫೋನ್ ನೋಡ್ತಾ ಇದ್ದಿದ್ದೂ ಅವಳಿಗೆ ಒಂಥರಾ ಅನುಕೂಲನೇ ಆಗಿರಬಹುದು, ಯಾರೂ ನೋಡ್ತಿಲ್ಲ ಅಂತ ಮನಸಾರೆ ಅತ್ತಿರ್ತಾಳೆ.

ಪ್ರಶ್ನೆ (ಬೆಂಗಳೂರು): ಮೆಟ್ರೋದಲ್ಲಿ ಒಬ್ರಿಗೆ ಬಸುರಿ ಅಂದ್ಕೊಂಡು ಎದ್ದು ಸೀಟ್ ಕೊಟ್ಟೆ. ಬಸುರಿ ಅಲ್ವಂತೆ. ಅವರು ನನ್ನ ನೋಡಿದ ನೋಟ ಇದ್ಯಲ್ಲ ಮೇಡಂ, ಮುಂದಿನ ಸ್ಟೇಷನ್ನಲ್ಲೇ ಇಳಿದು ಇನ್ನೊಂದು ಟ್ರೈನ್ ಹತ್ತಿದೆ. ಇನ್ಮೇಲೆ ಯಾರಿಗೂ ಸೀಟ್ ಕೊಡಲ್ಲ ಅಂತ ಶಪಥ ಮಾಡಿದೀನಿ, ಸರಿನಾ?

ಉತ್ತರ: ಶಪಥ ವಾಪಸ್ ತಗೊಳಿ ಮಾರಾಯ್ರೇ. ಸೀಟ್ ಕೊಡೋದಕ್ಕೆ ಬಾಯಿ ಯಾಕೆ ಬೇಕು? ನಿಮ್ಮ ಸ್ಟಾಪ್ ಬಂತೇನೋ ಅನ್ನೋ ಥರ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಎದ್ದು ಬಾಗಿಲ ಹತ್ರ ಹೋಗಿ ನಿಂತ್ಕೊಳಿ, ಖಾಲಿ ಸೀಟು ಕಂಡ್ರೆ ಅವರೇ ಕೂರ್ತಾರೆ. ಬಸುರಿನೋ, ಸೊಂಟ ನೋವೋ, ರಾತ್ರಿ ಪಾಳಿ ಮುಗಿಸಿ ಬಂದಿದಾರೋ, ನಿಮಗ್ಯಾಕೆ ಆ ಲೆಕ್ಕ. ಒಂದೇ ತೊಂದರೆ, ಮಧ್ಯದಲ್ಲಿ ಯಾರೋ ದಾಂಡಿಗ ಬಂದು ಧಪ್ ಅಂತ ಕೂತುಬಿಡ್ತಾನೆ. ಅದಕ್ಕೆ ನನ್ನ ಹತ್ರನೂ ಔಷಧಿ ಇಲ್ಲ.

ಪ್ರಶ್ನೆ (ಹಾವೇರಿ): ನಮಸ್ತೆ ಮೇಡಂ. ಹೈವೇಲಿ ನನ್ನ ಮುಂದೆನೇ ಒಬ್ಬ ಬೈಕಿಂದ ಬಿದ್ದ. ಜನ ಸೇರಿದ್ರು, ಅರ್ಧ ಜನ ವಿಡಿಯೋ ಮಾಡ್ತಿದ್ರು. ನಾನು 108ಕ್ಕೆ ಫೋನ್ ಮಾಡ್ದೆ, ಅಷ್ಟರಲ್ಲಿ ನಮ್ಮಪ್ಪ ಫೋನಲ್ಲಿ "ನಿನಗ್ಯಾಕೆ ಬೇಕೋ, ಆಮೇಲೆ ಪೊಲೀಸ್ ಸ್ಟೇಷನ್, ಕೋರ್ಟು ಅಂತ ಅಲೀಬೇಕಾಗುತ್ತೆ, ಬಾ ಮನೆಗೆ" ಅಂದ್ರು. ಆಂಬ್ಯುಲೆನ್ಸ್ ಬರೋ ತನಕ ದೂರದಲ್ಲಿ ನಿಂತಿದ್ದು ಬಂದುಬಿಟ್ಟೆ. ಅಪ್ಪ ಹೇಳಿದ್ದು ನಿಜನಾ?

ಉತ್ತರ: ಅಪ್ಪ ಹೇಳಿದ್ದು ಅವರ ಕಾಲಕ್ಕೆ ನಿಜ. ಆಗ ಎತ್ಕೊಂಡು ಹೋದೋನೇ ಗುದ್ದಿದೋನು ಅನ್ನೋ ಥರ ವಿಚಾರಿಸ್ತಿದ್ರು, ಆಸ್ಪತ್ರೆಯೋರು ಮೊದಲು ದುಡ್ಡು ಕಟ್ಟಿ ಅನ್ನೋರು. ಈಗ ಹಂಗಿಲ್ಲ, ಇದನ್ನ ಅಪ್ಪನಿಗೂ ಓದಿ ಹೇಳಿ. 2016ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಮಾರ್ಗಸೂಚಿಗೆ ಕಾನೂನಿನ ಬಲ ಕೊಡ್ತು, ಗಾಯಾಳುವಿಗೆ ಸಹಾಯ ಮಾಡಿದೋರಿಗೆ ಕಿರುಕುಳ ಕೊಡಬಾರದು ಅಂತ. ನಮ್ಮ ರಾಜ್ಯದ್ದೇ ಒಂದು ಕಾನೂನಿದೆ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಈ ಥರ ಪ್ರತ್ಯೇಕ ಕಾನೂನು ಮಾಡಿದ್ರಲ್ಲಿ ಕರ್ನಾಟಕನೇ ಮೊದಲು. ಅದಾದ್ಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಂ ಸೇರಿಸಿದ್ರು. ಒಟ್ಟು ಅರ್ಥ ಏನಂದ್ರೆ, ಒಳ್ಳೇ ಮನಸಿಂದ ಸಹಾಯ ಮಾಡಿದೋರ ಮೇಲೆ ಕೇಸಿಲ್ಲ, ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡೋಹಾಗಿಲ್ಲ, ಆಸ್ಪತ್ರೆಗೆ ಸೇರಿಸಿ ಹೊರಡಬಹುದು, ದುಡ್ಡು ಕಟ್ಟಿ ಅಂತ ನಿಮ್ಮನ್ನ ಹಿಡ್ಕೊಳೋಹಾಗಿಲ್ಲ. ಸಾಕ್ಷಿ ಹೇಳೋದು ನಿಮ್ಮಿಷ್ಟ. ಗಾಯಾಳುವಿನ ಖರ್ಚಿಗೂ 2025ರಿಂದ ಒಂದು ಯೋಜನೆ ಇದೆ, ರಸ್ತೆ ಅಪಘಾತ ಆದೋರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ.

ಕಾನೂನು ಬಿಡಿ, ಅಲ್ಲಿ ನಿಂತಾಗ ಏನು ಮಾಡಬೇಕು ಅನ್ನೋದು ಮುಖ್ಯ. ನೀರು ಕುಡಿಸಬೇಡಿ, ನಮ್ಮ ಜನಕ್ಕೆ ಬಿದ್ದೋರನ್ನ ಕಂಡ ತಕ್ಷಣ ಬಾಯಿಗೆ ನೀರು ಹಾಕೋದೇ ಮೊದಲ ಕೆಲಸ, ಪ್ರಜ್ಞೆ ಸರಿ ಇಲ್ಲದಾಗ ಅದು ಶ್ವಾಸಕೋಶಕ್ಕೆ ಹೋಗುತ್ತೆ. ಕತ್ತು ಎಳೆದಾಡಬೇಡಿ, ಕೂರ್ಸೋಕೆ ಹೋಗಬೇಡಿ. ರಕ್ತ ಸುರೀತಿದ್ರೆ ಶುಭ್ರವಾದ ಬಟ್ಟೆ ಒತ್ತಿ ಹಿಡಿರಿ, ಆಗಾಗ ತೆಗೆದು ನೋಡಬೇಡಿ. ಒಬ್ಬರನ್ನ ರಸ್ತೆ ಹಿಂದಕ್ಕೆ ಕಳ್ಸಿ, ಬರೋ ಗಾಡಿ ನಿಧಾನ ಮಾಡ್ಸೋಕೆ.

ಇದೆಲ್ಲ ಮಾಡೋಕೆ ಧೈರ್ಯ ಸಾಲ್ಲಿಲ್ಲ ಅಂದ್ರೂ ಒಂದು ಕೆಲಸ ಇದೆ. ಅವನ ತಲೆ ಹತ್ರ, ಅವನ ಕಣ್ಣಿಗೆ ಕಾಣೋ ಕಡೆ ಕೂತು "ಆಂಬ್ಯುಲೆನ್ಸ್ ಬರ್ತಾ ಇದೆ, ನಾನಿದೀನಿ, ಅಲ್ಲಾಡಬೇಡ" ಅಂತ ಹೇಳ್ತಾ ಇರಿ, ಹೇಳಿದ್ದನ್ನೇ ಹೇಳಿ ಪರವಾಗಿಲ್ಲ. ಅವನ ಫೋನ್ ರಿಂಗಾದ್ರೆ ಎತ್ತಿ. ಆ ಕಡೆ ಹೆಂಡತಿನೋ ಅಮ್ಮನೋ ಇರ್ತಾರೆ, "ಬಿದ್ದಿದಾರೆ, ಜೊತೇಲಿದೀವಿ, ಇಂಥ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ" ಅಷ್ಟು ಸಾಕು, ರಕ್ತ ಎಷ್ಟು ಹೋಗಿದೆ ಅನ್ನೋ ವರ್ಣನೆ ಬೇಡ. ನೀವು 108ಕ್ಕೆ ಫೋನ್ ಮಾಡಿದ್ರಲ್ಲ, ಅಲ್ಲಿ ವಿಡಿಯೋ ಮಾಡ್ತಿದ್ದ ಅಷ್ಟೂ ಜನಕ್ಕಿಂತ ಮುಖ್ಯವಾದ ಕೆಲಸ ಅದು, ಅಪ್ಪನಿಗೆ ಇದನ್ನೂ ಓದಿ ಹೇಳಿ.

ಪ್ರಶ್ನೆ (ಮಂಡ್ಯ): ಮೆಜೆಸ್ಟಿಕ್ಕಲ್ಲಿ ಒಬ್ಬ ಪರ್ಸ್ ಕಳೆದೋಯ್ತು ಸಾರ್, ಬಳ್ಳಾರಿಗೆ ಹೋಗ್ಬೇಕು, ಹೆಂಡ್ತಿ ಆಸ್ಪತ್ರೇಲಿದಾಳೆ ಅಂತ ಕಣ್ಣೀರು ಹಾಕ್ದ, ಐನೂರು ಕೊಟ್ಟೆ. ಎರಡು ವಾರ ಬಿಟ್ಟು ಹೋದ್ರೆ ಅದೇ ಮನುಷ್ಯ, ಅದೇ ಕಣ್ಣೀರು, ಊರು ಮಾತ್ರ ಬದಲಾಗಿದೆ, ಈ ಸಲ ರಾಯಚೂರು! ನಾನು ಎಂಥ ಪೆದ್ದ ಅನ್ನಿಸ್ತು.

ಉತ್ತರ: ಸ್ವಾಮೀ, ಆ ಮನುಷ್ಯನ ಹೆಂಡ್ತಿ ಇಡೀ ಉತ್ತರ ಕರ್ನಾಟಕದ ಎಲ್ಲಾ ಆಸ್ಪತ್ರೇಲೂ ಅಡ್ಮಿಟ್ ಆಗಿದಾಳೆ, ನನ್ನ ಹತ್ರ ಅವನು ಹೇಳಿದ್ದು ಕೊಪ್ಪಳ. ಪೆದ್ದತನ ಏನಿಲ್ಲ, ಐನೂರು ಹೋಯ್ತು ಅಷ್ಟೇ. ಮುಂದಿನ ಸಲ ದುಡ್ಡು ಕೊಡೋ ಬದಲು "ಬನ್ನಿ, ಟಿಕೆಟ್ ತೆಗೆಸಿ ಬಸ್ಸು ಹತ್ತಿಸ್ತೀನಿ" ಅನ್ನಿ. ನಿಜವಾಗ್ಲೂ ಕಷ್ಟದಲ್ಲಿರೋನು ನಿಮಗಿಂತ ಮುಂದೆ ಹೆಜ್ಜೆ ಹಾಕ್ತಾನೆ, ಇನ್ನೊಬ್ಬ ಒಂದ್ನಿಮಿಷ ಬಂದೆ ಸಾರ್ ಅಂತ ಮಾಯ ಆಗ್ತಾನೆ. ಒಂದು ಗಮನಿಸಿದೀರಾ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸರು ಈ ಕಥೆ ಹೇಳೋದು ಕಮ್ಮಿ ಆಗಿದೆ, ಸಾಮಾನ್ಯ ಬಸ್ಸಲ್ಲಿ ಇಲ್ಲಿನ ಗುರುತಿನ ಚೀಟಿ ತೋರಿಸಿದ್ರೆ ಟಿಕೆಟ್ಟೇ ಫ್ರೀ ಅಲ್ವಾ, ಕಥೆ ನಿಲ್ಲಲ್ಲ. ಆದ್ರೆ ಚೀಟಿನೂ ಪರ್ಸ್ ಜೊತೆ ಕಳೆದ್ಕೊಂಡ ಹೆಂಗಸು ಅಂತ ಒಬ್ರು ನಿಜವಾಗ್ಲೂ ಇರ್ತಾರೆ ನೋಡಿ, ಆ ಒಬ್ಬರಿಗೋಸ್ಕರ ನಾಲ್ಕು ಸಲ ಮೋಸ ಹೋಗೋಕೆ ನಾನಂತೂ ತಯಾರಿದೀನಿ, ಐನೂರರ ಲೆಕ್ಕದಲ್ಲಲ್ಲ, ಐವತ್ತರ ಲೆಕ್ಕದಲ್ಲಿ.

ಪ್ರಶ್ನೆ (ದಾವಣಗೆರೆ): ನನ್ನ ಫ್ರೆಂಡ್ ಒಬ್ಬ ಬಸ್‌ಸ್ಟ್ಯಾಂಡಲ್ಲಿ ಮಲಗಿರೋರಿಗೆ ಬಿರಿಯಾನಿ ಕೊಟ್ಟು ರೀಲ್ಸ್ ಹಾಕ್ತಾನೆ. ಕೇಳಿದ್ರೆ ನೋಡಿ ನಾಲ್ಕು ಜನ ಕಲೀತಾರೆ ಅಂತಾನೆ. ನೀವೇನಂತೀರಾ?

ಉತ್ತರ: ಬಿರಿಯಾನಿ ಬಿರಿಯಾನಿನೇ, ಹಸಿದೋನ ಹೊಟ್ಟೆಗೆ ಹೋಗುತ್ತೆ, ಅದಕ್ಕೆ ಬೈಯಲ್ಲ. ಆದ್ರೆ ಅವನ ಮನೇಲಿ ಅಕ್ಕಿ ಮುಗಿದ ದಿನ ಯಾರೋ ಕ್ಯಾಮೆರಾ ಹಿಡ್ಕೊಂಡು ಬಂದು ಪೊಟ್ಟಣ ಕೊಟ್ರೆ ಮುಖ ತೋರಿಸ್ತಾನಾ ಅಂತ ಕೇಳಿ. ನಾಲ್ಕು ಜನ ಕಲೀಲೇಬೇಕು ಅಂದ್ರೆ ಬಿರಿಯಾನಿ ಮಾಡೋದು ತೋರಿಸ್ಲಿ, ಪಾತ್ರೆ ತೊಳೆಯೋದು ತೋರಿಸ್ಲಿ, ತಿನ್ನೋರ ಮುಖ ಬೇಡ. ಪಾತ್ರೆ ತೊಳೆಯೋ ರೀಲ್ಸಿಗೆ ಲೈಕ್ ಬರಲ್ಲ ಅಂತಾನೆ, ನೋಡ್ತಿರಿ.

ಪ್ರಶ್ನೆ (ವಿಜಯಪುರ): ನಮಸ್ಕಾರ್ರೀ ಅಕ್ಕಾರ. ನಮ್ಮವ್ವಗ ಆರಾಮಿಲ್ಲಂತ ಸೊಲ್ಲಾಪುರಕ್ಕ ದವಾಖಾನಿಗಿ ಕರ್ಕೊಂಡು ಹೋಗಿದ್ವಿ. ರಾತ್ರಿ ಹನ್ನೊಂದಕ್ಕ ಔಷಧ ಚೀಟಿ ಬರದು ಕೊಟ್ರು, ಕೆಳಗ ಮೆಡಿಕಲ್‌ದಾಗ ಬಿಲ್ಲು 1,840 ಆತು, ನನ್ನ ಕಡೆ ಇದ್ದದ್ದು ಒಂದೂವರಿ ಸಾವಿರ, ಫೋನ್‌ಪೇ ಮಾಡೂನಂದ್ರ ಮೊಬೈಲ್ ಸತ್ತಿತ್ತು. ಒಂದ್ ಇಂಜೆಕ್ಷನ್ ಬಿಟ್ಟು ಉಳದದ್ದು ಕೊಡ್ರಿ, ಮುಂಜಾನಿ ಒಯ್ತೀನಿ ಅಂತ ಕೇಳಾಕತ್ತಿದ್ದೆ, ಹಿಂದ ನಿಂತಾಂವ ಒಬ್ಬ 340 ರೂಪಾಯಿ ಟೇಬಲ್ ಮ್ಯಾಗ ಇಟ್ಟ. ನಾ ಹೊಳ್ಳಿ ನೋಡೂದ್ರಾಗ "ಇರ್ಲಿ ತಗೋರಿ, ಮೊದ್ಲ ಮ್ಯಾಲ ಹೋಗ್ರಿ" ಅಂತ ಕನ್ನಡದಾಗ ಅಂದ. ಅವ್ವ ಈಗ ಆರಾಮದಾಳ. ಆದ್ರ ಆ ಮನಷ್ಯಾನ ಹೆಸರಿಲ್ಲ, ನಂಬರಿಲ್ಲ, ಮರುದಿನ ಎರಡು ಸಲ ಹೋಗಿ ಅಂಗಡಿಯಾಂವನ್ನ ಕೇಳಿದೆ, ಗೊತ್ತಿಲ್ಲಂದ. ಈ 340 ರೂಪಾಯಿ ನನ್ನ ಎದಿ ಮ್ಯಾಗ ಕುಂತದ. ಹ್ಯಾಂಗ ತೀರಿಸ್ಲಿ?

ಉತ್ತರ: ಅಣ್ಣಾ, ನಿಮ್ಮ ಕಾಗದ ನಾನು ನಮ್ಮ ಆಫೀಸಲ್ಲಿ ಗಟ್ಟಿಯಾಗಿ ಓದಿದೆ, ಮೊದ್ಲ ಮ್ಯಾಲ ಹೋಗ್ರಿ ಅನ್ನೋ ಕಡೆ ನಮ್ಮ ಡಿಟಿಪಿ ಹುಡುಗ ಎದ್ದು ಹೊರಗೆ ಹೋದ. ಅವನ ತಂಗಿನೂ ಈಗ ಆಸ್ಪತ್ರೇಲಿದಾಳೆ.

ನಾವು ಇದಕ್ಕೆ ಋಣ ಅಂತೀವಿ, ಋಣ ಅಂದ ತಕ್ಷಣ ತೀರಿಸೋದು ಅನ್ನೋ ಮಾತು ಹಿಂದೇನೇ ಬರುತ್ತೆ. ಆ ಮನುಷ್ಯ ಹೆಸರು ಹೇಳದೆ ಹೋಗಿದ್ದು ನೀವು ತೀರಿಸಬಾರದು ಅಂತಲೇ ಅಂತ ನನಗನ್ಸುತ್ತೆ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಕೆಳಗಿನ ಮೆಡಿಕಲ್ ಶಾಪಲ್ಲಿ ನಿಂತಿದಾನೆ ಅಂದ್ರೆ ಅವನ ಮನೆಯೋರೂ ಯಾರೋ ಮೇಲೆ ಮಲಗಿರ್ತಾರೆ, ಅವನ ಕೈಯಲ್ಲೂ ಒಂದು ಚೀಟಿ ಇರುತ್ತೆ. ನಿಮ್ಮ ಆತುರ ಅವನಿಗೆ ಹೇಳದೆನೇ ಗೊತ್ತಾಗಿದೆ. ಅಂಗಡಿಯೋನ ಹತ್ರ ಎರಡು ಸಲ ಹೋಗಿ ಕೇಳಿದ್ರಿ, ಸಾಕು, ಮೂರನೇ ಸಲ ಹೋಗಬೇಡಿ.

ಆದ್ರೂ ಕೈ ಸುಮ್ನಿರಲ್ಲ ಅಂತೀರಾ? ಸರಿ, ನನ್ನ ಮಾತು ಕೇಳ್ರಿ, ರಕ್ತ ಕೊಡಿ. ಅದೊಂದೇ ನೋಡಿ ಯಾರಿಗೆ ಹೋಯ್ತು ಅಂತ ನಿಮಗೂ ಗೊತ್ತಾಗಲ್ಲ, ಯಾರು ಕೊಟ್ರು ಅಂತ ಅವರಿಗೂ ಗೊತ್ತಾಗಲ್ಲ, ಥೇಟ್ ನಿಮ್ಮ ಸೊಲ್ಲಾಪುರದ ವ್ಯವಹಾರ. ವಯಸ್ಸು 18ರಿಂದ 65ರ ಒಳಗಿರಬೇಕು, ತೂಕ 45 ಕೆಜಿಗಿಂತ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು, ಅದನ್ನ ಅಲ್ಲೇ ಬೆರಳು ಚುಚ್ಚಿ ನೋಡ್ತಾರೆ. ಒಂದು ಸಲಕ್ಕೆ 350 ಅಥವಾ 450 ಎಂಎಲ್ ತಗೋತಾರೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆ ಒಂದು ಚೀಲವನ್ನ ಬೇರೆ ಬೇರೆ ಮಾಡ್ತಾರೆ, ಕೆಂಪು ಕಣ 42 ದಿನದ ತನಕ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ, ಪ್ಲಾಸ್ಮಾ ಗಟ್ಟಿ ಮಾಡಿಟ್ರೆ ಒಂದು ವರ್ಷ. ಪ್ಲೇಟ್‌ಲೆಟ್ ಐದು ದಿನಕ್ಕೆ ಹೋಗಿಬಿಡೋದ್ರಿಂದಲೇ ಡೆಂಗಿ ಸೀಸನ್ನಲ್ಲಿ ಆಸ್ಪತ್ರೆ ಮುಂದೆ ಜನ ಫೋನ್ ಹಿಡ್ಕೊಂಡು ಒದ್ದಾಡೋದು, ಮುಂಚೆನೇ ಕೂಡಿಡೋಕೆ ಆಗಲ್ಲ. ಮೊದಲ ಸಲ ನಾನು ಕೊಟ್ಟಾಗ ಭಯಕ್ಕೆ ಚಾವಣಿಯ ಫ್ಯಾನ್ ರೆಕ್ಕೆ ಎಣಿಸ್ತಾ ಮಲಗಿದ್ದೆ, ಮೂರೇ ಇದ್ದಿದ್ದು, ಎಷ್ಟು ಸಲ ಎಣಿಸಿದೆನೋ. ಮುಗಿದ್ಮೇಲೆ ಬಿಸ್ಕತ್ತು, ಫ್ರೂಟಿ ಕೊಡ್ತಾರೆ, ಬೇಡ ಅನ್ನಬೇಡಿ, ತಿನ್ನಲೇಬೇಕು.

ಅವ್ವನಿಗೆ ನನ್ನ ನಮಸ್ಕಾರ ಹೇಳ್ರಿ.

ಪ್ರಶ್ನೆ (ಮೈಸೂರು): ನಿವೃತ್ತ ಶಾಲಾ ಶಿಕ್ಷಕ, 71 ವರ್ಷ. ಪಿಂಚಣಿ ಬರುತ್ತೆ, ಔಷಧಿಗೇ ಸರಿಹೋಗುತ್ತೆ. ಮಂಡಿ ನೋವು, ದೂರ ನಡೆಯಲಾಗದು. ಯಾರಿಗಾದರೂ ಉಪಯೋಗಕ್ಕೆ ಬರಬೇಕೆಂಬ ಆಸೆ ಇದೆ, ಶಕ್ತಿ ಇಲ್ಲ. ಇಂಥವನು ಏನು ಮಾಡಬಹುದು?

ಉತ್ತರ: ಮೇಷ್ಟ್ರೇ, ನಿಮ್ಮ ಮನೆ ಗೇಟಿನ ಮುಂದೆ ಜನ ಓಡಾಡ್ತಾರಾ? ಹಾಗಾದ್ರೆ ನೀವು ನಡೀಬೇಕಾಗಿಲ್ಲ. ನಮ್ಮ ಹಿಂದಿನೋರು ಅರವಟ್ಟಿಗೆ ಇಡ್ತಿದ್ರಲ್ಲ, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡೋ ಚಪ್ಪರ, ಅದನ್ನ ಒಂದು ಮಣ್ಣಿನ ಮಡಕೆಗೆ ಇಳಿಸಿದ್ರೆ ನಿಮ್ಮ ಗೇಟಲ್ಲೂ ಆಗುತ್ತೆ. ನಲ್ಲಿ ಇರೋ ಮಡಕೆನೇ ತಗೊಳಿ, ಲೋಟ ಒಳಗೆ ಅದ್ದೋದು ಬೇಡ, ದಿನಾ ನೀರು ಬದಲಾಯಿಸ್ಬೇಕು, ಮುಚ್ಚಳ ಇರಲೇಬೇಕು, ಇಲ್ಲಾಂದ್ರೆ ಸೊಳ್ಳೆಗೆ ಅರವಟ್ಟಿಗೆ ಆಗುತ್ತೆ. ಪಕ್ಕದಲ್ಲಿ ಒಂದು ಹಳೇ ಕುರ್ಚಿ. ಏಪ್ರಿಲ್ ಬಿಸಿಲಲ್ಲಿ ಪಾರ್ಸಲ್ ಹುಡುಗರು, ಕೊರಿಯರ್‌ನೋರು, ಪೌರಕಾರ್ಮಿಕರು ಬರ್ತಾರೆ, ಎಷ್ಟೋ ಮನೇಲಿ ಅವರು ನೀರು ಕೇಳೋಕೂ ಹಿಂಜರೀತಾರೆ. ಇಲ್ಲಿ ಕೇಳೋ ಅವಶ್ಯಕತೆನೇ ಇಲ್ಲ.

ಹೊರೆಗಲ್ಲು ನೋಡಿದೀರಾ ನೀವು? ಹಳೇ ದಾರಿ ಪಕ್ಕ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಅಡ್ಡ ಹಾಕಿರ್ತಾರೆ. ತಲೆ ಮೇಲೆ ಹೊರೆ ಹೊತ್ತೋರು ಒಬ್ಬರೇ ಇದ್ರೆ ಇಳಿಸೋದೂ ಕಷ್ಟ ಮತ್ತೆ ಎತ್ತೋದೂ ಕಷ್ಟ, ಅದಕ್ಕೆ ಕಲ್ಲನ್ನ ನಿಂತ ಎತ್ತರಕ್ಕೇ ಇಟ್ಟಿದಾರೆ, ಬಗ್ಗಬೇಕಾಗಿಲ್ಲ, ಯಾರನ್ನೂ ಕರೀಬೇಕಾಗಿಲ್ಲ. ಅದನ್ನ ನಿಲ್ಲಿಸಿದೋರು ಯಾವಾಗ್ಲೋ ಸತ್ತುಹೋಗಿದಾರೆ. ನನಗೆ ಆ ಎತ್ತರದ ಲೆಕ್ಕಾಚಾರ ಬಹಳ ಇಷ್ಟ, ಯಾರೋ ಒಬ್ಬ ಹೊರೆ ಹೊತ್ತು ಅಭ್ಯಾಸ ಇರೋನೇ ಹೇಳಿರಬೇಕು, ಇಷ್ಟಿರಲಿ ಅಂತ.

ಇನ್ನೊಂದು ಕೆಲಸ ಇದೆ, ಮೇಷ್ಟ್ರುಗಳಿಗೇ ಹೇಳಿ ಮಾಡಿಸಿದ್ದು. ಯಾರಾದ್ರೂ ಗಾಡೀಲಿ ಬಿಡೋರಿದ್ರೆ ವಾರಕ್ಕೊಂದು ಬೆಳಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಹೊರರೋಗಿ ವಿಭಾಗದ ಬೆಂಚಲ್ಲಿ ಕೂತ್ಕೊಳಿ, ಅಲ್ಲಿನೋರಿಗೆ ಒಂದು ಮಾತು ಹೇಳಿ ಅನುಮತಿ ತಗೊಂಡೇ. ಹಳ್ಳಿಯಿಂದ ಬೆಳಗ್ಗೆ ಐದಕ್ಕೆ ಬಸ್ಸು ಹತ್ತಿ ಬಂದಿರ್ತಾರೆ, ಕ್ಯೂ ನಿಂತು ಕೌಂಟರ್ ಮುಟ್ಟೋ ಹೊತ್ತಿಗೆ ರೇಷನ್ ಕಾರ್ಡ್ ಜೆರಾಕ್ಸ್ ಎಲ್ಲಿ, ಆಧಾರ್ ಎಲ್ಲಿ, ರೆಫರಲ್ ಚೀಟಿ ಎಲ್ಲಿ ಅಂತ ಕೇಳ್ತಾರೆ, ಇಲ್ಲಾಂದ್ರೆ ಕ್ಯೂ ಬಿಟ್ಟು ಹೋಗ್ಬೇಕು, ಮತ್ತೆ ಕೊನೆಯಿಂದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಇದೆ, ಅದು ಎಷ್ಟೋ ಜನಕ್ಕೆ ಕೈ ಜಾರೋದು ಒಂದು ಎರಡು ರೂಪಾಯಿ ಜೆರಾಕ್ಸಿನಿಂದ. ನೀವು ಕ್ಯೂ ಬಾಲದಲ್ಲಿ ಕೂತು "ಕಾಗದ ಎಲ್ಲಾ ಇದ್ಯಾ ನೋಡಮ್ಮ, ಜೆರಾಕ್ಸ್ ಎರಡು ಬೇಕು, ಅಂಗಡಿ ಗೇಟ್ ಪಕ್ಕ ಇದೆ, ನಿನ್ನ ಜಾಗ ನಾನು ನೋಡ್ಕೋತೀನಿ" ಅಂದ್ರೆ ಅವರ ಅರ್ಧ ದಿನ ಉಳೀತು. ಫಾರಂ ತುಂಬಿಕೊಡಿ, ಯಾವ ರೂಮು ಅಂತ ಬೋರ್ಡ್ ಓದಿ ಹೇಳಿ. ಕನ್ನಡಕ, ಎರಡು ಪೆನ್ನು ಮರೀಬೇಡಿ, ಪೆನ್ನು ಒಂದಂತೂ ಹೋಗೇ ಹೋಗುತ್ತೆ. ಗದರೋದು ಮಾತ್ರ ಬೇಡ ಮೇಷ್ಟ್ರೇ, ಅಲ್ಲಿ ಗದರೋರು ಬೇಕಾದಷ್ಟು ಜನ ಇದಾರೆ.

ಪ್ರಶ್ನೆ (ಶಿರಸಿ): ಇಷ್ಟೆಲ್ಲ ಹೇಳ್ತೀರಲ್ಲ, ನೀವು ಈ ವಾರ ಯಾರಿಗೆ ಏನು ಮಾಡಿದ್ರಿ?

ಉತ್ತರ: ಸಿಕ್ಕಿಹಾಕ್ಕೊಂಡೆ! ಯೋಚ್ನೆ ಮಾಡ್ದೆ, ನಿಜ ಹೇಳ್ತೀನಿ, ಮಾಡಿದ್ದೇನೂ ನೆನಪಾಗ್ತಿಲ್ಲ. ಮಂಗಳವಾರ ತಲೆ ಕೆಟ್ಟಿತ್ತು, ಬೆಳಗ್ಗೆ ಮನೇಲಿ ಜಗಳ, ಪುಟ ಕಳಿಸೋದು ಲೇಟು, ಆ ಸಿಟ್ಟಲ್ಲಿ ತರಕಾರಿ ಗಾಡಿಯೋನ ಹತ್ರ ಒಂದು ಕಟ್ಟು ಕೊತ್ತಂಬರಿಗೆ ಐದು ರೂಪಾಯಿ ಚೌಕಾಸಿ ಮಾಡಿ ಹತ್ತು ನಿಮಿಷ ಜೋರು ಬಾಯಿ ಮಾಡಿದೆ, ಹಿಂದೆ ನಿಂತೋರು ಬೇರೆ ಕಾಯ್ತಾ ಇದಾರೆ. ಅವನು ನನ್ನ ಮುಖ ನೋಡ್ದ, ಐದು ರೂಪಾಯಿ ವಾಪಸ್ ಕೊಟ್ಟ, ಆಮೇಲೆ ಏನನ್ನಿಸ್ತೋ ಏನೋ, ದೊಡ್ಡ ಹಿಡಿ ಕರಿಬೇವು ಚೀಲಕ್ಕೆ ತುರುಕಿ "ಹೋಗಿ ಅಕ್ಕಾ, ಚಿತ್ರಾನ್ನ ಮಾಡ್ಕೊಂಡು ತಿನ್ನಿ" ಅಂದ. ಮಾರನೇ ದಿನ ಐದು ರೂಪಾಯಿ ಕೊಡೋಣ ಅಂತ ಬಾಗಿಲಲ್ಲೇ ನಿಂತಿದ್ದೆ, ಅವನು ಆ ಕಡೆ ರಸ್ತೇಲಿ ಹೋದ. ಚಿತ್ರಾನ್ನ ಆಯ್ತು, ಕರಿಬೇವು ಇನ್ನೂ ಅರ್ಧ ಫ್ರಿಜ್ಜಲ್ಲಿದೆ.